ಇವತ್ತು ಬಾಡಿ ಇಲ್ಲ

“ಏ ಬಾಡಿ, ಹೆಣದ ಥರ ಸೆಟ್ಕೊಂಡಿದೀಯಲ್ಲೆ! ಭುಜ ಸಡಿಲ ಬಿಡು, ಮೂಳೆ ಕೈಗೆ ಸಿಗ್ತಾ ಇಲ್ಲ.”

ಬೈದವಳು ತರಗತಿಯ ಲೀಡರ್. ಮಂಚದ ಮೇಲೆ ಬೋರಲು ಮಲಗಿದ್ದವಳು ಭುಜ ಸಡಿಲ ಬಿಟ್ಟಳು. ಲೀಡರಿನ ಬೆರಳು ಬೆನ್ನಿನ ರೆಕ್ಕೆಮೂಳೆಯ ಅಂಚು ಹಿಡಿದು ಕೆಳಗಿಳಿಯಿತು. ಬಿಸ್ಕತ್ತು ತಿಂದು ತೊಳೆಯದ ಬೆರಳು. ಸಕ್ಕರೆಯ ಜಿಗುಟು ಚರ್ಮಕ್ಕೆ ಅಂಟಿ ಅಂಟಿ ಬಿಡುತ್ತಿತ್ತು. ಆಮೇಲೆ ಇನ್ನೊಬ್ಬಳ ಬೆವರುಗೈ, ಮತ್ತೊಬ್ಬಳ ಉದ್ದುಗುರು. ಹುಡುಗಿಯರ ತಂಡವಿಡೀ ಸಾಲಾಗಿ ನಿಂತು ಅವಳನ್ನು ಒತ್ತಿ, ಹಿಂಡಿ, ತಿರುಚಿ ಕಲಿಯುತ್ತಿತ್ತು. ಕಲಿತವರು ಮೂಲೆಗೆ ಹೋಗಿ ಬಾಟಲಿಯಿಂದ ಸ್ಯಾನಿಟೈಸರ್ ಸುರಿದುಕೊಂಡು ಮೊಣಕೈವರೆಗೂ ಉಜ್ಜಿಕೊಳ್ಳುತ್ತಿದ್ದರು. ತಮ್ಮ ಕೊಳೆಯನ್ನು ಅವಳ ಬೆನ್ನಿಗೆ ಒರೆಸಿ, ಆಮೇಲೆ ಕೈ ತೊಳೆದುಕೊಳ್ಳುವ ಶುಚಿತ್ವ ಅದು!

ಫಿಸಿಯೋಥೆರಪಿ ಕಾಲೇಜಿನ ಆ ಮಂಚಕ್ಕೆ ತಲೆಯ ಕಡೆ ಒಂದು ತೂತು. ಬೋರಲು ಮಲಗಿದವರು ಉಸಿರಾಡಲೆಂದು ಅದರೊಳಗೆ ಮುಖ ಇಡುತ್ತಾರೆ. ಅಲ್ಲಿಂದ ಕಾಣುವುದು ನೆಲ ಮತ್ತು ಕಾಲುಗಳು ಮಾತ್ರ. ಎರಡು ವರ್ಷ ಅವಳು ಕಾಲೇಜನ್ನು ಕಂಡದ್ದೇ ಹಾಗೆ. ಯಾರು ಹತ್ತಿರ ಬರುತ್ತಿದ್ದಾರೆ, ಯಾರು ಮೂಗು ಮುರಿದು ಹಿಂದೆ ಸರಿಯುತ್ತಿದ್ದಾರೆ ಎಂಬುದನ್ನು ಚಪ್ಪಲಿ ನೋಡಿಯೇ ಹೇಳುವಳು. ಸಂಜೆ ಮನೆಯಲ್ಲಿ ಅವ್ವ ಅದನ್ನೇ ತಮಾಷೆ ಮಾಡುವಳು. “ಇವತ್ತು ಯಾವ್ಯಾವ ಚಪ್ಲಿ ಬಂದಿತ್ತೆ? ಆ ಕೆಂಪು ಹಿಮ್ಮಡಿದು ಮುಂದಕ್ಕೆ ಬಂತೋ, ಹಿಂದಕ್ಕೆ ಹೋಯ್ತೋ?”

ಈ ವಿದ್ಯೆಯನ್ನು ಬರೀ ಪುಸ್ತಕ ಓದಿ ಕಲಿಯಲಾಗುವುದಿಲ್ಲ. ಇಬ್ಬಿಬ್ಬರು ಜೋಡಿಯಾಗಬೇಕು, ಒಬ್ಬರ ಮೈಮೇಲೆ ಇನ್ನೊಬ್ಬರು ಕೈಯಿಟ್ಟು ಕಲಿಯಬೇಕು. ಮೊದಲ ವಾರವೇ ಸುದ್ದಿ ಹಬ್ಬಿತ್ತು: ಇವಳವ್ವ ಕಾಲೇಜಿನದೇ ಆಸ್ಪತ್ರೆಯ ಕಕ್ಕಸು ತೊಳೆಯುವವಳು. ಜೋಡಿ ಮಾಡಿಕೊಳ್ಳಿ ಎಂದು ಪಾಠದ ಮೇಡಂ ಹೇಳಿದಾಗ ಎಲ್ಲರೂ ದಡಬಡ ಜೋಡಿಯಾದರು, ಇವಳೊಬ್ಬಳು ಉಳಿದಳು. ಲೀಡರ್ ದಾರಿ ತೋರಿಸಿದಳು. “ಮೇಡಂ, ಅವ್ಳು ಎಲ್ರಿಗೂ ಪೇಷಂಟ್ ಆಗ್ಲಿ. ಪಾಪ, ಒಂಟಿ ಅನ್ಸಲ್ಲ.”

ಮೇಡಂಗೂ ಅದು ಸಲೀಸಾಗಿ ಕಂಡಿತು. “ನಿಂಗೂ ಒಳ್ಳೇದೇ ಕಣಮ್ಮ. ಮಲ್ಗಿದ್ರೆ ಪಾಠ ಮೈಗೇ ಹತ್ತುತ್ತೆ.”

ಅಂದಿನಿಂದ ಅವಳು ಬಾಡಿ, ಬೇರೆ ಯಾರೂ ಮಲಗುವ ಗೋಜೇ ಇರಲಿಲ್ಲ. ಅವಳನ್ನು ಮುಟ್ಟಲು ಯಾರಿಗೂ ಅಡ್ಡಿಯಿರಲಿಲ್ಲ, ಅವಳು ಮುಟ್ಟುವುದಕ್ಕಷ್ಟೇ ಹೇಸಿಗೆ. ಅವಳ ಬಲಭುಜ ಎಡದ್ದಕ್ಕಿಂತ ಇಳಿದಿತ್ತು. ಚಿಕ್ಕವಳಿದ್ದಾಗಿನಿಂದ ಅವ್ವನ ಬಕೆಟ್ಟು ಹೊತ್ತು ಇಳಿದ ಭುಜ. ಒಂದು ದಿನ ತೂತಿನೊಳಗಿಂದಲೇ, “ಮೇಡಂ, ನನ್ ಭುಜ ಸೊಟ್ಟ ಇದೆ. ಇದನ್ನೇ ಸರಿ ಅಂತ ಬರ್ಕೋತಿದಾರೆ” ಎಂದಳು. ಮೇಡಂ ಕುರ್ಚಿಯಿಂದ ಏಳಲಿಲ್ಲ, ಫೋನಿನಿಂದ ತಲೆಯನ್ನೂ ಎತ್ತಲಿಲ್ಲ. “ಪೇಷಂಟ್ ಮಾತಾಡ್ಬಾರ್ದು. ಸಿಕ್ತೇನ್ರೆ ಎಲ್ರಿಗೂ? ಬರ್ಕೊಳ್ಳಿ.” ಎಲ್ಲರೂ ಬರೆದುಕೊಂಡರು.

ಹಾಗಂತ ಕಾಲೇಜು ಅವಳನ್ನು ಬಚ್ಚಿಟ್ಟಿರಲಿಲ್ಲ. ಗೇಟಿನ ಮೇಲೆ ಬಸ್ಸಿನಷ್ಟು ಉದ್ದದ ಬ್ಯಾನರಿನಲ್ಲಿ ‘ಎಲ್ಲರಿಗೂ ತೆರೆದ ಬಾಗಿಲು’ ಎಂಬ ದಪ್ಪ ಅಕ್ಷರದ ಪಕ್ಕ ನಗುತ್ತಿದ್ದವಳು ಅವಳೇ. ರೋಗಿಯ ಕೈ ಹಿಡಿದಂತೆ ಫೋಟೋ ತೆಗೆಯಬೇಕೆಂದು ಡೈರೆಕ್ಟರ್ ಹೇಳಿದ್ದರು. ಕೈ ಕೊಡಲು ಯಾರೂ ಸಿಗದೆ ಕೊನೆಗೆ ಅಸ್ಥಿಪಂಜರದ ಪಕ್ಕ ನಿಲ್ಲಿಸಿದರು. ಆ ಕಾಲೇಜಿನಲ್ಲಿ ಅವಳ ಕೈಗೆ ಸಿಕ್ಕಿದ್ದು ಅದೊಂದೇ, ಬೇಡ ಎನ್ನಲು ಅದಕ್ಕೆ ನಾಲಿಗೆ ಇರಲಿಲ್ಲ. ಬೇರೆ ಊರಿನ ದೊಡ್ಡವರು ಬಂದಾಗಲೆಲ್ಲ ಡೈರೆಕ್ಟರ್ ಅವಳನ್ನು ಕರೆಸಿ, “ನಮ್ಮಲ್ಲಿ ಎಲ್ಲಾ ಥರದ ಮಕ್ಕಳೂ ಇದ್ದಾರೆ, ನೋಡಿ” ಎಂದು ಬಟ್ಟೆ ಅಂಗಡಿಯವನು ಸೀರೆ ಬಿಡಿಸಿದ ಹಾಗೆ ತೋರಿಸುತ್ತಿದ್ದರು.

ಆಸ್ಪತ್ರೆಯ ವಾರ್ಡಿನಲ್ಲಾದರೂ ಮುಟ್ಟಿ ಕಲಿಯಲು ಒಂದು ಮೈ ಸಿಗುತ್ತದೆ ಎಂದುಕೊಂಡಿದ್ದಳು. ಅಲ್ಲಿ ಸಿಕ್ಕವನು ಬಸ್ ಮಾಲೀಕ. ಲಕ್ವ ಹೊಡೆದು ಅರ್ಧ ಮೈ ಬಿದ್ದುಹೋಗಿತ್ತು, ಬಾಯಿಯ ಒಂದು ಕಡೆಯಿಂದ ಜೊಲ್ಲು ಇಳಿದು ದಿಂಬು ನಾರುತ್ತಿತ್ತು. ಅವಳು ಅವನ ಮಣಿಕಟ್ಟಿಗೆ ಕೈ ಹಾಕಿದ್ದೇ ತಡ, ಬೀಳದ ಅರ್ಧ ಮೈ ಎದ್ದು ಕೂತಿತು.

“ಥೂ, ಬಿಡೇ ಕೈಯ! ಇವ್ಳವ್ವ ಈಗಷ್ಟೇ ನನ್ ಹೇಲು ಬಳ್ದು ಹೋದ್ಲು. ಅವಳ ಮಗಳ ಕೈಲಿ ಮೈ ಮುಟ್ಟುಸ್ತೀರಾ? ದುಡ್ಡು ಕೊಟ್ಟು ಬಂದಿದೀನಿ ಕಣ್ರಯ್ಯ, ಧರ್ಮಕ್ಕಲ್ಲ!”

“ಸಾರಿ ಸರ್, ಹೊಸಬಳು” ಎಂದರು ಮೇಡಂ. ಅವಳನ್ನು ಬಾಗಿಲ ಆಚೆ ತಳ್ಳಿ, “ನಿಂಗೆ ಬುದ್ಧಿ ಬೇಡ್ವಾ? ದೊಡ್ಡೋರ ಮುಂದೆ ಹೋಗ್ತೀಯಲ್ಲ” ಎಂದರು. ಬಾಗಿಲಲ್ಲಿ ಅವ್ವ ಬಕೆಟ್ಟು ಹಿಡಿದು ನಿಂತಿದ್ದಳು. ದಿನಾ ಬೆಳಿಗ್ಗೆ ಅವನ ಕುಂಡೆ ಒರೆಸುವವಳು ಅವಳು. ಆಗ ಅವನಿಗೆ ಹೇಸಿಗೆ ಎನಿಸುವುದಿಲ್ಲ. ಕಣ್ಣು ಮುಚ್ಚಿ ಹಾಯಾಗಿ ಒರೆಸಿಕೊಳ್ಳುತ್ತಾನೆ.

“ಬಡ್ಡಿಮಗ” ಎಂದಳು ಅವ್ವ, ಮೆಲ್ಲಗೆ. ಮಗಳಿಗೆ ವಾಕರಿಕೆ ಬಂತು. ಆ ಜೊಲ್ಲಿಗಲ್ಲ, ಆ ‘ಸಾರಿ ಸರ್’ಗೆ.

ಪರೀಕ್ಷೆ ಬಂತು. ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ಪ್ರತಿಯೊಬ್ಬರೂ ಜೀವಂತ ಮೈಯ ಮೇಲೆ ಕೈಯಿಟ್ಟು, ಭುಜ, ಬೆನ್ನು ಹುಡುಕಿ ತೋರಿಸಬೇಕು. ವಿದ್ಯಾರ್ಥಿ ಬೆರಳಿಟ್ಟ ಜಾಗದಲ್ಲೇ ಪರೀಕ್ಷಕರೂ ಬೆರಳಿಟ್ಟು ನೋಡಿ ಅಂಕ ಹಾಕುತ್ತಾರೆ. ಇದರಲ್ಲಿ ಫೇಲಾದರೆ ಅವಳ ಉಚಿತ ಸೀಟು ಹೋಯಿತು. ಆಮೇಲೆ ಅವಳಿಗೂ ಅದೇ ಬಕೆಟ್ಟು. ಮೇಡಂ ಹಿಂದಿನ ದಿನವೇ ಎಲ್ಲ ಗೊತ್ತು ಮಾಡಿದ್ದರು. “ನೀನು ಎಲ್ರಿಗೂ ಮಲ್ಕೊ. ಕೊನೇಲಿ ನಿಂದು. ಅಸ್ಥಿಪಂಜರದ ಮೇಲೆ ತೋರ್ಸು, ನಾನು ಮಾತಾಡ್ತೀನಿ.”

ಹೂಂ ಎಂದುಕೊಂಡೇ ಬಂದಿದ್ದಳು. ಆದರೆ ಮೆಟ್ಟಿಲಲ್ಲಿ ಮೊದಲ ವರ್ಷದ ಒಬ್ಬಳು ಕೈ ಹಿಡಿದಳು. ಗಾರೆ ಕೆಲಸದವನ ಮಗಳು. ಬ್ಯಾನರ್ ನೋಡಿ ಆ ವರ್ಷ ಇಂಥ ಮೂವರು ಸೇರಿದ್ದರು.

“ಅಕ್ಕಾ, ನಿನ್ನೆ ನಮ್ಮ ಮೂವರ್ನೂ ಮಲಗ್ಸಿದ್ರು. ನಾಳೆನೂ ನೀವೇ ಅಂದ್ರು. ನಾವು ಯಾವಾಗಕ್ಕಾ ಏಳೋದು?”

ಮೇಲಿನಿಂದ ಇಳಿಯುತ್ತಿದ್ದ ಲೀಡರ್ ನಕ್ಕಳು. “ಬಿಡು, ಇನ್ಮೇಲೆ ಬಾಡಿಗಳಿಗೆ ಬರ ಇಲ್ಲ.”

ಅವಳು ಹುಡುಗಿಯ ಕೈಯನ್ನು ಒಮ್ಮೆ ಒತ್ತಿ ಬಿಟ್ಟಳು. ನಲ್ಲಿಗೆ ಹೋಗಿ ಎರಡೂ ಕೈ ತಿಕ್ಕಿ ತಿಕ್ಕಿ ತೊಳೆದಳು. ಪರೀಕ್ಷೆಯ ಕೋಣೆಗೆ ಬಂದು ಗೋಡೆಗೊರಗಿ ನಿಂತಳು.

“ಏ ಬಾಡಿ, ಮಲ್ಕೊ” ಎಂದಳು ಲೀಡರ್. ಮೊದಲ ಸರದಿ ಅವಳದ್ದು.

“ಇವತ್ತು ಬಾಡಿ ಇಲ್ಲ.”

ಕರೀ ಬೂಟಿನ ಪರೀಕ್ಷಕರು ಗಡಿಯಾರ ನೋಡಿದರು. ಬೇರೆ ದಾರಿಯಿಲ್ಲದೆ ಉದ್ದುಗುರಿನವಳು ಮಲಗಿದಳು. ಲೀಡರ್ ಆ ಬೆನ್ನಿನ ಮೇಲೆ ಕುರುಡಿಯಂತೆ ತಡಕಾಡಿದಳು. ಎರಡು ವರ್ಷದಲ್ಲಿ ಅವಳ ಕೈಗೆ ಗೊತ್ತಿದ್ದದ್ದು ಒಂದೇ ಒಂದು ಮೈ, ಅದೂ ಬಲಭುಜ ಇಳಿದದ್ದು. ಕೊನೆಗೆ ಗಂಟಲು ಸರಿಮಾಡಿಕೊಂಡು, “ಸರ್, ಈ ಪೇಷಂಟಿಗೆ ಬಲಭುಜ ಮೇಲಕ್ಕೆ ಎದ್ದಿದೆ. ಇದು ರೋಗ” ಎಂದಳು. ಪರೀಕ್ಷಕರು ಮುಟ್ಟಿ ನೋಡಿದರು. ಭುಜ ನೆಟ್ಟಗಿತ್ತು. ಮುಂದಿನವಳು ಬೇರೊಬ್ಬಳನ್ನು ಮಲಗಿಸಿಕೊಂಡು ಅದನ್ನೇ ಹೇಳಿದಳು, ಅವಳ ಮುಂದಿನವಳೂ.

“ಏನಮ್ಮ ಇದು? ಊರಿಗೆ ಊರೇ ಭುಜ ಎದ್ದು ಕೂತಿದೆಯಾ? ಏನ್ ಕಲಿಸಿದ್ದೀರಿ ಇವರಿಗೆ?”

ಮೇಡಂ ಮುಖ ಇಂಗು ತಿಂದ ಮಂಗನಂತಾಯಿತು. ಗೋಡೆಗೊರಗಿ ನಿಂತಿದ್ದವಳನ್ನು ಕಾರಿಡಾರಿಗೆ ಎಳೆದರು. “ಮುಂಡೇದೆ, ನಿಂದು ದಾನದ ಸೀಟು ಕಣೇ! ಬಾಯ್ ಮುಚ್ಕೊಂಡು ಹೋಗ್ ಮಲ್ಕೊ.”

“ನನ್ ಸರದಿಗೆ ಯಾರ್ ಮಲ್ಕೋತಾರೆ ಮೇಡಂ?”

“ಅಸ್ಥಿಪಂಜರ ಅಂದ್ನಲ್ಲ!”

“ನೀವ್ ಮಲ್ಕೊಳ್ಳಿ.”

ಮೇಡಂ ಹಾವು ಕಂಡವರಂತೆ ಹಿಂದೆ ಸರಿದರು. ಕಾರಿಡಾರಿನ ಕೊನೆಯಲ್ಲಿ ಅವ್ವ ನೆಲ ಒರೆಸುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒರೆಸುವ ಕೋಲನ್ನು ಗೋಡೆಗೆ ಆನಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಫಿನಾಯಿಲ್ ವಾಸನೆ ಅವಳಿಗಿಂತ ಮುಂಚೆ ಕೋಣೆ ಹೊಕ್ಕಿತು. ಹುಡುಗಿಯರು ಮೂಗಿಗೆ ಬಟ್ಟೆ ಹಿಡಿದರು. ಅವ್ವ ಹೋದವಳೇ ಬಿಳಿ ಹಾಸಿನ ಮೇಲೆ ಬೋರಲು ಮಲಗಿ, ತೂತಿನೊಳಗೆ ಮುಖ ಇಟ್ಟಳು.

“ಏಳೇ! ಏಳೇ ಮೇಲೆ! ಹಾಸು ಕೊಳೆ ಆಗುತ್ತೆ!” ಮೇಡಂ ಕಿರುಚಿದರು.

ಮಂಚದ ಕೆಳಗಿನಿಂದ ಅವ್ವನ ದನಿ ಬಂತು. “ಹತ್ತು ವರ್ಷದಿಂದ ಈ ಮಂಚ ಒರೆಸೋಳು ನಾನು ತಾಯಿ. ಒಂದ್ಸಲ ಮಲ್ಗಿದ್ರೆ ಸವ್ದೋಗುತ್ತಾ? ನೀನು ಶುರು ಮಾಡೇ ಮಗ.”

ಅವಳು ಅವ್ವನ ಬೆನ್ನಿನ ಮೇಲೆ ಎರಡೂ ಕೈ ಇಟ್ಟಳು. ಆ ಕೋಣೆಯಲ್ಲಿ ಅವಳ ಕೈಗೆ ಸಿಕ್ಕ ಮೊದಲ ಬೆಚ್ಚನೆ ಮೈ ಅದು. ರೆಕ್ಕೆಮೂಳೆಯ ಅಂಚು ಹಿಡಿದು ಬೆರಳು ಇಳಿಸಿದಳು. ಅವ್ವನ ಬಲಭುಜ ಅವಳದಕ್ಕಿಂತಲೂ ಇಳಿದಿತ್ತು. ಮೂಳೆ ತನ್ನ ಜಾಗ ಬಿಟ್ಟು ಎಷ್ಟೋ ಕೆಳಗೆ ಹೋಗಿ ಕೂತಿತ್ತು. ತುದಿ ಸಿಕ್ಕಿತು. ಬೆರಳನ್ನು ಅಲ್ಲೇ ಊರಿದಳು.

“ಬಲಭುಜ ಇಳಿದಿದೆ ಸರ್. ಇದು ಸರಿಯಾದ ಭುಜ ಅಲ್ಲ. ಭಾರ ಹೊತ್ತು ಹೊತ್ತು ಹೀಗಾಗಿದೆ. ಮೂಳೆ ತುದಿ ಇಲ್ಲಿದೆ, ಮುಟ್ಟಿ ನೋಡಿ.”

ಪರೀಕ್ಷಕರ ಕೈ ಅರ್ಧಕ್ಕೆ ಬಂತು. ಅವ್ವನ ಸೀರೆಯ ಅಂಚಿನಿಂದ ಕಪ್ಪು ನೀರು ಬಿಳಿ ಹಾಸಿನ ಮೇಲೆ ಇಳಿಯುತ್ತಿತ್ತು. ಕೈ ಅಲ್ಲೇ ನಿಂತಿತು. ಆಮೇಲೆ ಜೇಬಿಗೆ ಹೋಗಿ ಕರವಸ್ತ್ರ ತೆಗೆದು ಮೂಗಿಗೆ ಹಿಡಿಯಿತು.

“ಸರಿ ಸರಿ, ಗೊತ್ತಾಯ್ತು. ಮುಟ್ಟೋದೇನೂ ಬೇಡ. ಕರ್ಕೊಂಡ್ ಹೋಗಿ ಇವ್ರನ್ನ.”

“ಮುಟ್ದೇ ಅಂಕ ಹಾಕಂಗಿಲ್ಲ ಸರ್. ಅವ್ರಿಗೆಲ್ಲ ಮುಟ್ಟಿದ್ರಲ್ಲ.”

ಬಾಗಿಲಲ್ಲಿ ಮೊದಲ ವರ್ಷದ ಮೂವರು ಒಬ್ಬರ ಹಿಂದೊಬ್ಬರು ನಿಂತು ನೋಡುತ್ತಿದ್ದರು.

“ಮಗಾ,” ತೂತಿನೊಳಗಿಂದ ಅವ್ವ ಕೂಗಿ ಹೇಳಿದಳು, “ಕರೀ ಬೂಟು ಹಿಂದಿಂದಕ್ಕೆ ಹೋಗ್ತಾ ಇದೆ ಕಣೇ.”

“ಹೋಗ್ಲಿ ಬಿಡವ್ವ. ನೀನ್ ಏಳ್ಬೇಡ.”

ಬೆರಳನ್ನು ಅವಳು ಎತ್ತಲಿಲ್ಲ.