ಒಂಟಿ ಸೀನು

ನಮ್ಮದು ನೆಲಮಂಗಲದ ಓಲಗದ ಮನೆ. ಊದುವುದನ್ನು ಅಪ್ಪ ಕಲಿಸಿಯೇ ಇದ್ದರು. ಆದರೂ ಹಳೆಯ ವಾದ್ಯಗಳನ್ನು ಹಳೆಯ ಕ್ರಮದಲ್ಲೇ ನುಡಿಸುವುದನ್ನು ಕಾಲೇಜಿನಲ್ಲಿ ಕಲಿಯುತ್ತೇನೆಂದು ಹೊರಟು, ಬೆಂಗಳೂರಿನ ಬಸ್ಸಿನಲ್ಲಿ ನಿಂತು ನಿಂತು ಸುಸ್ತಾಗಿದ್ದೇನೆ. ನನ್ನ ಪಾಲಿಗೆ ಬಂದದ್ದು ಮುಖವೀಣೆ. ನಾಗಸ್ವರಕ್ಕೆ ತಂಗಿಯಂಥ ಗಿಡ್ಡ ವಾದ್ಯ, ದನಿ ಮೆತ್ತಗೆ.

ಪದವಿ ಸಿಗಬೇಕಾದರೆ ನಿಜವಾದ ಮುಹೂರ್ತವೊಂದರಲ್ಲಿ ಅದನ್ನು ನುಡಿಸಿ, ರೆಕಾರ್ಡಿಂಗ್ ಒಪ್ಪಿಸಬೇಕು. ಮೈಕು ಕೂಡದು, ಕರೆಂಟಿನ ಶ್ರುತಿಪೆಟ್ಟಿಗೆ ಕೂಡದು. ಡೋಲಿಗೆ ಕೋಲೂ ಬೇಡ, ಅಂಗೈ ಸಾಕು, ಮುಖವೀಣೆ ಕೇಳಿಸಬೇಕು ಎಂದು ನಮ್ಮ ಮೇಷ್ಟ್ರು ವೇಣುಗೋಪಾಲ್ ಅಪ್ಪಣೆ ಮಾಡಿದ್ದರು. ಅವರಿಗೇನು, ಹೇಳಿಬಿಡುತ್ತಾರೆ. ನಾನು ಕೇಳಿದ ಮದುವೆಮನೆಯವರೆಲ್ಲ ನಕ್ಕು, ಕಾಫಿ ಕೊಟ್ಟು ಕಳಿಸಿದರು. ಆಷಾಢ ಹತ್ತಿರವಾಗಿತ್ತು. ಅಷ್ಟರೊಳಗೆ ಒಪ್ಪಿಸದಿದ್ದರೆ ಇನ್ನೊಂದು ವರ್ಷ ಅದೇ ಬಸ್ಸು.

ಕೊನೆಗೆ ಒಪ್ಪಿದವಳು ರುಕ್ಮಿಣಮ್ಮತ್ತೆಯ ಮಗಳು ಶಿಲ್ಪ.

"ನನ್ ಮದ್ವೇಲಿ ನುಡ್ಸೇ ಸಿಂಚನ. ಅಮ್ಮ ಬೈದ್ರೆ ನಾನ್ ನೋಡ್ಕೋತೀನಿ," ಎಂದಳು. ಅತ್ತೆ ಬೈದರು, ಶಿಲ್ಪ ನೋಡಿಕೊಂಡಳು.

ಮದುವೆ ಅರಿಶಿನಕುಂಟೆಯ ಛತ್ರದಲ್ಲಿ. ಹೊರಗೆ ಲಾರಿಗಳ ಗದ್ದಲ, ಒಳಗೆ ಕುರ್ಚಿ ಎಳೆಯುವ ಗದ್ದಲ. ಫೋನನ್ನು ಕಂಬದ ಬುಡದಲ್ಲಿಟ್ಟು ನುಡಿಸತೊಡಗಿದೆ. ಪಕ್ಕದಲ್ಲಿ ಆನಂದಣ್ಣ, ನನ್ನ ಒಡಹುಟ್ಟಿದವನು, ಬೆಕ್ಕಿನ ಮೈ ಸವರಿದ ಹಾಗೆ ಡೋಲು ತಟ್ಟುತ್ತಿದ್ದ. ಕೋಲು ಮುಟ್ಟಕೂಡದೆಂದು ನಾನೇ ಆಣೆ ಹಾಕಿಸಿದ್ದೆ. ಎಲ್ಲ ಸರಿಯಾಗಿಯೇ ಸಾಗಿತ್ತು.

"ಗಟ್ಟಿಮೇಳ! ಗಟ್ಟಿಮೇಳ!" ಪುರೋಹಿತರು ಕೈಯೆತ್ತಿ ಕೂಗಿದರು.

ತಾಳಿ ಕಟ್ಟುವ ಗಳಿಗೆಯಲ್ಲಿ ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳಬಾರದೆಂದೇ ಗಟ್ಟಿಮೇಳ. ಓಲಗದ ಮನೆಯ ಕೂಸಿಗೂ ಇದು ಗೊತ್ತು. ನನ್ನ ಪ್ರಬಂಧದಲ್ಲೂ ಬರೆದಿದ್ದೆ. ಆದರೂ ಈ ಮೆತ್ತಗಿನ ದನಿ ಅದಕ್ಕೆ ಸಾಲದೆಂದು ಹೊಳೆಯಲಿಲ್ಲ ನೋಡಿ. ಕೆನ್ನೆ ಉಬ್ಬಿಸಿ, ಇದ್ದ ಉಸಿರನ್ನೆಲ್ಲ ತುಂಬಿದೆ. ಮುಖವೀಣೆ ತನ್ನ ಪಾಡಿಗೆ ತಾನು ಮೆತ್ತಗೆ ಹಾಡಿತು.

ಆಗ ಗಂಡಿನ ಚಿಕ್ಕಪ್ಪ, ನಶ್ಯದ ಬೈರಣ್ಣ, ಸೀನಿದರು.

ಛತ್ರಕ್ಕೆ ಛತ್ರವೇ ಕೇಳಿಸಿಕೊಂಡಿತು. ತಾಳಿ ಹಿಡಿದ ಗಂಡಿನ ಕೈ ಶಿಲ್ಪಳ ಕೊರಳ ಹತ್ತಿರ ನಿಂತಿತು. ಜೋಡಿ ಸೀನಾದರೆ ದೋಷವಿಲ್ಲ. ಎಲ್ಲರೂ ಬೈರಣ್ಣನ ಮೂಗನ್ನೇ ನೋಡಿದರು.

"ಇನ್ನೊಂದ್ ಸೀನು ಬೈರಣ್ಣ!" ಯಾರೋ ಅಂಗಲಾಚಿದರು. ಪಾಪ, ಅವರು ಮೂಗು ತಿಕ್ಕಿದರು, ಸೂರು ನೋಡಿದರು. ಬರಲಿಲ್ಲ.

ಅತ್ತೆ ನನ್ನ ಕಡೆ ನೋಡಿದರು. ಶಿಲ್ಪ ನೋಡಲೇ ಇಲ್ಲ, ತಲೆ ತಗ್ಗಿಸಿ ತುಟಿ ಕಚ್ಚಿದ್ದಳು. ಇನ್ನೇನು ಅತ್ತುಬಿಡುತ್ತಾಳೆ. ಅವಳ ಅಳುವೂ ಎಲ್ಲರಿಗೂ ಕೇಳಿಸುತ್ತದೆ, ನನ್ನಿಂದಾಗಿ.

"ಕೋಲ್ ತಗೋ ಅಣ್ಣ."

"ನಿನ್ ರೆಕಾರ್ಡಿಂಗು?"

"ಬಡಿ ಅಂದ್ನಲ್ಲಾ!"

ಅಣ್ಣ ಬಡಿದ. ಹೆದ್ದಾರಿಯ ಲಾರಿಯೂ ಅಡಗಿತು. ಕೊರಳಿಗೆ ತಾಳಿ ಬಿತ್ತು, ತಲೆಗೆ ಅಕ್ಷತೆ ಬಿತ್ತು. ಶಿಲ್ಪಳ ಭುಜ ಕುಲುಕುವುದು ಕಂಡಿತು, ದನಿ ಕೇಳಿಸಲಿಲ್ಲ. ನಾನೂ ಊದುತ್ತಲೇ ಇದ್ದೆ. ಏನು ಊದಿದೆನೆಂದು ನನಗೂ ಕೇಳಿಸಲಿಲ್ಲ.

ಆಮೇಲೆ ಫೋನು ಕಿವಿಗೆ ಹಿಡಿದೆ. ಮುಹೂರ್ತದುದ್ದಕ್ಕೂ ಬರೀ ಡೋಲು. ಮೇಷ್ಟ್ರಿಗೆ ಕಳಿಸಿ ಪ್ರಯೋಜನವಿರಲಿಲ್ಲ. ಕಂಬಕ್ಕೊರಗಿ ಕುಳಿತೆ. ಅತ್ತೆ ಬರುವುದು ಕಂಡಿತು. ಬೈಸಿಕೊಳ್ಳಲು ತಯಾರಾಗಿ ಎದ್ದೆ.

ಅವರು ನನ್ನ ಗಲ್ಲ ಹಿಡಿದರು. ಕಣ್ಣು ಒದ್ದೆಯಾಗಿತ್ತು.

"ಆ ಸೀನಾದ್ಮೇಲ್ ಏನೂ ಕೇಳಿಸ್ಲಿಲ್ಲ ಕಣೇ ತಾಯಿ. ಬೋ ಚೆನ್ನಾಗ್ ಊದ್ಬಿಟ್ಟೆ."