ಬರ್ತೀವಿ ಅಂದ ಗಿರಾಕಿ

ನನ್ನ ಗಂಡನಿಗೆ ಚೌಕಾಸಿ ಬರುವುದಿಲ್ಲ. ತರಕಾರಿಯವಳು ಬೆಲೆ ಇಳಿಸಿದರೂ 'ಪಾಪ, ಇರ್ಲಿ ಬಿಡು' ಎಂದು ಮೊದಲು ಹೇಳಿದಷ್ಟನ್ನೇ ಕೊಟ್ಟು ಬರುವ ಪುಣ್ಯಾತ್ಮರು. ಇಂಥವರನ್ನು ಮುಂದಿಟ್ಟುಕೊಂಡು ನಾನು ಕಾರು ಕೊಳ್ಳಲು ಹೊರಟೆ.

ಕೊಳ್ಳದೆ ಗತಿಯಿರಲಿಲ್ಲ. ಅತ್ತೆಯ ಮಂಡಿ ಬಸ್ಸಿನ ಮೆಟ್ಟಿಲಿನ ಸಹವಾಸ ಬಿಟ್ಟು ಬಹಳ ಕಾಲವಾಗಿತ್ತು. ಬಾಡಿಗೆ ಕಾರು ಕರೆಸಿದರೆ ತಗ್ಗು ಸೀಟಿನದೇ ಬರುತ್ತಿತ್ತು, ಕಾಲು ಮಡಿಸಲಾಗದೆ ಅವರು ವಾಪಸ್ಸಾಗುತ್ತಿದ್ದರು. ಊರಿನ ಆ ತುದಿಯಲ್ಲಿ ಅವರ ಅಕ್ಕ ಹಾಸಿಗೆ ಹಿಡಿದಿದ್ದರು. "ಅವಳಿರೋವಾಗ್ಲೇ ಒಂದ್ಸಲ ಮುಖ ನೋಡ್ಬೇಕು ಕಣೇ" ಎಂದು ಅತ್ತೆ ಅಂದಾಗಲೆಲ್ಲ ನಾನು ಕೂಡಿಟ್ಟ ದುಡ್ಡನ್ನು ಮತ್ತೊಮ್ಮೆ ಎಣಿಸುತ್ತಿದ್ದೆ.

ಮೊದಲು ಗಾಜಿನ ಶೋರೂಮಿಗೆ ಹೋದೆವು. ಟೈ ಕಟ್ಟಿದವನೊಬ್ಬ ಅತ್ತೆಯನ್ನು ಫಳಫಳ ಹೊಳೆಯುವ ಕಾರಿನಲ್ಲಿ ಕೂರಿಸಿದ. ಕೂತರು, ಏಳಲಾಗಲಿಲ್ಲ. ಅವನೊಂದು ಕೈ, ನಾನೊಂದು ಕೈ ಹಿಡಿದು ಎಳೆದೆವು. "ಇದು ಕಾರಲ್ಲಪ್ಪ, ಬಾವಿ" ಎಂದು ಅತ್ತೆ ಸೀದಾ ಹೊರಗೆ ನಡೆದರು.

ಆಮೇಲೆ ಸಿಕ್ಕಿದವನು ಟೈರ್ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಹಳೇ ಕಾರು ಮಾರುವವನು, ಬೆಣ್ಣೆಯಂಥ ಮಾತಿನವನು. ಅವನ ಹತ್ತಿರ ಎತ್ತರದ ಕಾರೊಂದಿತ್ತು. ಅತ್ತೆ ಕುರ್ಚಿಯಲ್ಲಿ ಕೂತಂತೆ ಅದರಲ್ಲಿ ಕೂತರು, ಎದ್ದರು, ಮತ್ತೆ ಕೂತರು. ಅವರ ಮುಖ ಅರಳಿದ್ದನ್ನು ನಾನೂ ನೋಡಿದೆ, ಹಾಳಾದವನು ಅವನೂ ನೋಡಿದ. ಅವನು ಹೇಳಿದ ಬೆಲೆಗೂ ನಮ್ಮ ಕೈಲಿದ್ದುದಕ್ಕೂ ನಡುವೆ ಒಂದು ಸ್ಕೂಟರ್ ಕೊಳ್ಳುವಷ್ಟು ಅಂತರ.

ಇವರನ್ನು ಮೂಲೆಗೆ ಕರೆದು ಪಾಠ ಹೇಳಿದೆ. "ನಮ್ಮ ಬೆಲೆ ಹೇಳಿ. ಒಪ್ಪದಿದ್ರೆ ಮುಖ ಗಂಟು ಹಾಕ್ಕೊಂಡು 'ಬೇಡ, ನಾವು ಹೋಗ್ತೀವಿ' ಅಂತ ಎದ್ದುಬಿಡಿ. ಗೇಟು ದಾಟೋದ್ರೊಳಗೆ ಓಡಿ ಬರ್ತಾನೆ."

ಇವರು ಬೆಲೆ ಹೇಳಿದರು. ಅವನು ನಕ್ಕ. ಇವರು ಮುಖ ಗಂಟು ಹಾಕಿಕೊಂಡು ಎದ್ದರು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

"ಬೇಡ. ನಾವು... ಬರ್ತೀವಿ" ಅಂದುಬಿಟ್ಟರು!

ಹೊರಡುವಾಗ 'ಹೋಗ್ತೀನಿ' ಅನ್ನುವುದು ಅಪಶಕುನ, 'ಬರ್ತೀನಿ' ಅನ್ನಬೇಕು ಎಂದು ಅತ್ತೆ ಚಿಕ್ಕಂದಿನಲ್ಲೇ ಬೆನ್ನಿಗೆ ಗುದ್ದಿ ಕಲಿಸಿದ್ದರಲ್ಲ, ಅದರ ಫಲ. ಸಾಲದ್ದಕ್ಕೆ ಕೈ ಬೇರೆ ಮುಗಿದರು.

"ಧಾರಾಳವಾಗಿ ಬನ್ನಿ ಸಾರ್. ಸಂಜೆ ಇನ್ನೊಬ್ರು ನೋಡೋಕೆ ಬರ್ತಿದಾರೆ, ಅದಕ್ಕೆ ಮುಂಚೆ ಬಂದ್ರೆ ಒಳ್ಳೇದು" ಎಂದು ಅವನು ಹಲ್ಲು ಕಿರಿದ.

ಗೇಟಿನವರೆಗೆ ನಡೆದೆವು. ಯಾರೂ ಕರೆಯಲಿಲ್ಲ. ನನಗೆ ಅಳುವೇ ಬಂತು. ತಿರುಗಿ ನೋಡಿದರೆ ಅತ್ತೆ ಆಗಷ್ಟೇ ನಿಧಾನವಾಗಿ ಕಾರಿನಿಂದಿಳಿದು ಅವನ ಮುಂದೆ ನಿಂತಿದ್ದರು.

"ನಾನು ಹೋಗ್ತೀನಪ್ಪ" ಎಂದರು.

ಅವನು ಬೆಚ್ಚಿಬಿದ್ದ. "ಅಯ್ಯೋ, ಬಿಡ್ತು ಅನ್ನಿ ಅಮ್ಮ! ಹೋಗಿ ಬರ್ತೀನಿ ಅನ್ನಿ."

"ನಿನ್ನ ಬೆಲೆಗೆ ಬರೋಕಾಗಲ್ಲ. ಈ ವಯಸ್ಸಲ್ಲಿ ಸುಳ್ಳು ಯಾಕೆ ಹೇಳ್ಲಿ? ಹೋಗ್ತೀನಿ."

"ವ್ಯಾಪಾರದ ಜಾಗದಲ್ಲಿ ಹಾಗನ್ಬೇಡೀಮ್ಮ!"

"ಸರಿ, ಗೇಟಿನ ಹತ್ರ ನಿಂತು ಅಂತೀನಿ."

"ಬೇಡ್ರೀ ತಾಯಿ! ನಿಮ್ಮ ಮಗ ಹೇಳಿದ ಬೆಲೆಗೇ ತಗೊಂಡ್ಹೋಗಿ!"

ಅತ್ತೆ ಸದ್ದಿಲ್ಲದೆ ಮತ್ತೆ ಕಾರು ಹತ್ತಿದರು. ದುಡ್ಡು, ಸಹಿ ಎಲ್ಲ ಮುಗಿಸಿ ಇವರು ಸ್ಟೇರಿಂಗ್ ಹಿಡಿದು "ಮನೆಗಾ ಅಮ್ಮ?" ಎಂದು ಕೇಳಿದರು.

"ಮನೆ ಎಲ್ಲಿಗೆ ಓಡಿಹೋಗುತ್ತೆ? ಅಕ್ಕನ ಹತ್ರ ನಡಿ."

ದೊಡ್ಡತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅತ್ತೆ ಬಾಗಿಲಲ್ಲೇ ನಿಂತು "ಅಕ್ಕಾ, ನಾನು ಕಣೇ" ಎಂದರು. ಈ ದನಿಯನ್ನು ಅವರು ವರ್ಷಗಟ್ಟಲೆ ಫೋನಿನಲ್ಲಷ್ಟೇ ಕೇಳಿದ್ದವರು. ತಿರುಗಲೇ ಇಲ್ಲ. ದಿಂಬಿನ ಕೆಳಗೆ ತಡಕಾಡಿ, ಫೋನನ್ನು ಕಿವಿಗಿಟ್ಟುಕೊಂಡು, "ಹಲೋ, ಹೇಳೇ" ಎಂದರು.