ಸಾಹುಕಾರರು ಎತ್ತಿ ಹಿಡಿದ ಮೊದಲ ಪುಟ

ಕಮಲಾಪುರದಲ್ಲಿ ವಾರಪತ್ರಿಕೆ ಶುರುವಾಗುತ್ತದೆ ಎಂದಾಗ ನಕ್ಕವರೇ ಹೆಚ್ಚು. ಅದೂ ಯಾರಿಂದ? ಹೊಲಿಗೆ ಅಂಗಡಿಯ ಭುವನೇಶ್ವರಿಯಿಂದ! ನಗುವವರ ಹಲ್ಲು ಕಾಣಲಿ ಎಂದು ಆಕೆ ತನ್ನ ಹೊಲಿಗೆ ಮುಂದುವರಿಸಿದಳು.

ಊರ ಹೊರಗಿನ ಕಲ್ಲಿನ ಖಣಿಯಲ್ಲಿ ಬಂಡೆ ಉರುಳಿ ಮಾಳಿಂಗ ಸತ್ತು ವರ್ಷವಾಗಿತ್ತು. ಖಣಿಯ ಮಾಲೀಕ ಗುರುಲಿಂಗಪ್ಪ ಸಾಹುಕಾರರು, ಅಂಥ ಆಳೇ ನಮ್ಮಲ್ಲಿರಲಿಲ್ಲ ಎಂದು ಕೈತೊಳೆದುಕೊಂಡಿದ್ದರು. ಹಾಜರಿ ಪುಸ್ತಕದಲ್ಲಿ ಹೆಸರೇ ಇರಲಿಲ್ಲವಲ್ಲ! ಮನೆಯವರು ಕಲಬುರಗಿಯ ಪತ್ರಿಕೆ ಕಚೇರಿಗಳಿಗೆ ಹೋಗಿ ಹೇಳಿಕೊಂಡರೂ ಎಲ್ಲೂ ಒಂದು ಸಾಲು ಅಚ್ಚಾಗಲಿಲ್ಲ. ಮಾಳಿಂಗನ ಹೆಂಡತಿ ಬಂಡಮ್ಮ ಅಂಗಡಿಯಲ್ಲಿ ಕೂತು ಅತ್ತ ದಿನವೇ ಭುವನೇಶ್ವರಿ ಸ್ವಂತ ಪತ್ರಿಕೆ ನೋಂದಾಯಿಸಲು ಅರ್ಜಿ ಬರೆದಿದ್ದಳು.

ಪತ್ರಿಕೆಯ ಸುದ್ದಿ ಮುಟ್ಟಿದ್ದೇ ತಡ, ಬಿಡುಗಡೆ ತಮ್ಮ ಕೈಯಿಂದಲೇ ಆಗಬೇಕೆಂದು ಸಾಹುಕಾರರು ಹೇಳಿಕಳಿಸಿದರು. ದೊಡ್ಡವರಿಗೆ ಶಾಲು ಹೊದಿಸಿ, ಮುಖಪುಟದ ತುಂಬ ಅವರದೇ ಫೋಟೊ ಹಾಕಿ ಪತ್ರಿಕೆ ತೆರೆಯುವುದು ಈ ಕಡೆಯ ರೂಢಿ. ಭುವನೇಶ್ವರಿ, "ಆಯ್ತ್ರೀ" ಎಂದಳು.

ಕಪನೂರಿನ ಪ್ರೆಸ್ಸಿನಲ್ಲಿ ಮುಖಪುಟ ನೋಡಿ ಮುದ್ರಕ ಕರೀಂಸಾಬ್ ಬೆವೆತರು.

"ಭುವನೇಶ್ವರಿ ಬಾಯಾರ, ನಿಮ್ಮ ಅಂಗಡಿ ಮಳಿಗಿ ಸಾಹುಕಾರಂದೇ ಅಲ್ಲೇನ್ರಿ? ನಾಳಿನೇ ಖಾಲಿ ಮಾಡಸ್ತಾನ."

"ಮಾಡಸ್ಲಿ ರೀ ಚಾಚಾ. ಬಸ್‌ಸ್ಟ್ಯಾಂಡಿನ ಮುಂದ ಮಷೀನ್ ಇಟ್ಕೊಂಡು ಹೊಲೀತೀನಿ. ನೀವು ಅಚ್ಚ ಹಾಕ್ರಿ."

ಹಿಂದೆಗೆಯುವ ಹೆಣ್ಣಲ್ಲ ಅವಳು.

ಮರುದಿನ ಸಭೆ ತುಂಬಿತ್ತು. ಬಿಡುಗಡೆ ಮಾಡುವವರು ಪತ್ರಿಕೆ ಓದುವ ಗೋಜಿಗೆ ಹೋಗುವುದಿಲ್ಲ. ಮುಖಪುಟವನ್ನು ಜನರತ್ತ ಹಿಡಿದು ಫೋಟೊಗೆ ನಗುತ್ತಾರೆ. ಭುವನೇಶ್ವರಿಯೇ ಪತ್ರಿಕೆಗೆ ಕಟ್ಟಿದ ರಿಬ್ಬನ್ ಬಿಚ್ಚಿ, ಪುಟವನ್ನು ಜನರ ಕಡೆ ತಿರುಗಿಸಿ ಸಾಹುಕಾರರ ಕೈಗಿಟ್ಟಳು. ಅವರು ಅದನ್ನು ಎದೆಯೆತ್ತರಕ್ಕೆ ಹಿಡಿದು ಬಾಯ್ತುಂಬ ನಕ್ಕರು.

ಚಪ್ಪಾಳೆ ಬೀಳಲಿಲ್ಲ. ಖಣಿಯ ಆಳುಗಳು ಒಬ್ಬೊಬ್ಬರಾಗಿ ಎದ್ದು ನಿಂತರು. ಓದಬಲ್ಲವರು ಓದಲಾರದವರಿಗೆ ತಲೆಬರಹ ಗಟ್ಟಿಯಾಗಿ ಓದಿ ಹೇಳಿದರು: "ಮಾಳಿಂಗ ಸತ್ತದ್ದು ಗುರುಲಿಂಗಪ್ಪನವರ ಖಣಿಯಲ್ಲೇ." ಕೆಳಗೆ ಮಾಳಿಂಗನ ಫೋಟೊ, ಅವನ ಜೊತೆ ದುಡಿದ ಹನ್ನೊಂದು ಮಂದಿಯ ಸಹಿ, ಹೆಬ್ಬೆಟ್ಟು.

ಸಾಹುಕಾರರು ಪುಟ ತಿರುಗಿಸಿ ನೋಡಿದರು. ಮುಖ ಕಪ್ಪಿಟ್ಟಿತು. ಹರಿಯಲೆಂದು ಎರಡೂ ಕೈಯಲ್ಲಿ ಪತ್ರಿಕೆ ಹಿಡಿದರು.

"ಹರೀಬ್ಯಾಡ್ರಿ ಸಾಹುಕಾರ್ರ," ಬಂಡಮ್ಮ ಮುಂದೆ ಬಂದಳು. "ನನ್ನ ಗಂಡ ಆರು ವರ್ಷ ನಿಮ್ಮ ಕಲ್ಲು ಒಡದಾನ. ಒಂದಿನಾನೂ ನೀವು ಅವನ ಹೆಸರು ಬರೀಲಿಲ್ಲ. ಈಕಿ ಬರದಾಳ. ಕೊಡ್ರಿ ಇಲ್ಲಿ."

ಆಳುಗಳೆಲ್ಲ ವೇದಿಕೆಯ ಹತ್ತಿರಕ್ಕೆ ಬಂದರು. ಸಾಹುಕಾರರು ಪತ್ರಿಕೆಯನ್ನು ಬಂಡಮ್ಮನ ಕೈಗೆ ಕೊಟ್ಟರು.